ಸಿಂಡರೆಲ್ಲಾ ಮನೆ ಬಿಟ್ಟು ಯಾಕೆ ಓಡಿಹೋಗಲಿಲ್ಲ?

ಮಲತಾಯಿ ಹೇಳಿದ್ದನ್ನೆಲ್ಲ ಸಿಂಡರೆಲ್ಲಾ ತುಟಿಪಿಟಕ್ಕೆನ್ನದೆ ಮಾಡುತ್ತಾಳಲ್ಲ, ಯಾಕೆ? ಹಳೆಯ ಕಥೆಗಳು ಇದಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ. ಶಾರ್ಲ್ ಪೆರೋ 1697ರ ತನ್ನ ಫ್ರೆಂಚ್ ಕಥೆಯಲ್ಲಿ, ಅಪ್ಪನ ಹತ್ತಿರ ದೂರು ಹೇಳಿದರೆ ಅವನೇ ಬೈಯುತ್ತಿದ್ದ, ಅವನು ಹೆಂಡತಿಯ ಮಾತು ಮೀರುವವನಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಗ್ರಿಮ್ ಸಹೋದರರ 1812ರ ಜರ್ಮನ್ ಕಥೆಯಲ್ಲಿ ಸಾಯುವ ತಾಯಿ "ಒಳ್ಳೆಯವಳಾಗಿರು, ದೇವರನ್ನು ನಂಬು" ಎಂದು ಹೇಳಿ ಹೋಗಿರುತ್ತಾಳೆ, ಅಷ್ಟೇ. ಗೇಲ್ ಕಾರ್ಸನ್ ಲೆವಿನ್ 1997ರಲ್ಲಿ ಬರೆದ 'ಎಲಾ ಎನ್‌ಚಾಂಟೆಡ್' ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಸಿಂಡರೆಲ್ಲಾಳ ಅತಿ ಒಳ್ಳೆಯತನ ಲೇಖಕಿಗೆ ಹಿಡಿಸಿರಲಿಲ್ಲ. ಅವಳು ಮಾತು ಕೇಳುವುದು ಸ್ವಭಾವದಿಂದಲ್ಲ, ಶಾಪದಿಂದ ಎಂದು ಇಟ್ಟುಕೊಂಡರೆ ಹೇಗೆ ಎಂಬಲ್ಲಿಂದ ಕಾದಂಬರಿ ಶುರು.

ಇನ್ನೂರೈವತ್ತು ಪುಟದೊಳಗಿನ ಪುಸ್ತಕ, ಇಂಗ್ಲಿಷ್ ಸರಳ, ಅಧ್ಯಾಯಗಳು ಚಿಕ್ಕವು. ಎರಡು ಮೂರು ಸಂಜೆಗೆ ಮುಗಿಯುತ್ತದೆ. ಓದುವ ಮೊದಲು ಒಂದು ಗಂಟೆ ಬಿಡುವು ಮಾಡಿಕೊಂಡು ಪೆರೋ ಮತ್ತು ಗ್ರಿಮ್ ಕಥೆಗಳನ್ನು ಮೂಲ ರೂಪದಲ್ಲಿ ಓದಿಕೊಳ್ಳಿ. ಎರಡರ ಅನುವಾದವೂ ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಡಿಸ್ನಿ ಕಾರ್ಟೂನ್ ನೆನಪು ಸಾಲದು. ಕುಂಬಳಕಾಯಿ ಸಾರೋಟು, ಕುದುರೆಗಳಾಗುವ ಆರು ಇಲಿ, ಸಾರೋಟು ಹೊಡೆಯುವವನಾಗುವ ಹೆಗ್ಗಣ, ಆಳುಗಳಾಗುವ ಆರು ಹಲ್ಲಿ, ಗಾಜಿನ ಚಪ್ಪಲಿ, ನಡುರಾತ್ರಿಯ ಗಡುವು, ಇವೆಲ್ಲ ಪೆರೋನದು. ಅವನಲ್ಲಿ ನೃತ್ಯಕೂಟ ಎರಡು ರಾತ್ರಿ. ಗ್ರಿಮ್‌ನಲ್ಲಿ ಮೂರು ದಿನ. ಅಲ್ಲಿ ಕಿನ್ನರಿಯೇ ಇಲ್ಲ, ತಾಯಿಯ ಗೋರಿಯ ಮೇಲೆ ಬೆಳೆದ ಗಿಡ ಮತ್ತು ಹಕ್ಕಿಗಳು ಬಟ್ಟೆ ಕೊಡುತ್ತವೆ. ಮೂರನೆಯ ದಿನ ರಾಜಕುಮಾರ ಮೆಟ್ಟಿಲಿಗೆಲ್ಲ ಡಾಂಬರಿನಂಥ ಅಂಟು ಬಳಿಸಿಟ್ಟಿರುತ್ತಾನೆ, ಅದಕ್ಕೇ ಚಪ್ಪಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈ ಸಾಮಾನೆಲ್ಲ ತಲೆಯಲ್ಲಿದ್ದರೆ, ಕಾದಂಬರಿಯಲ್ಲಿ ಯಾವುದು ಎಲ್ಲಿ ಬಂತು, ಯಾವ ಕೆಲಸಕ್ಕೆ ಬಂತು ಎಂದು ಹಿಡಿಯುವುದೇ ಅರ್ಧ ಮಜಾ.

ಈಗ ಶಾಪದ ವಿಷಯ. ಎಲಾ ಹುಟ್ಟಿದಾಗ ಲೂಸಿಂಡಾ ಎಂಬ ಕಿನ್ನರಿ ಬಂದು, ಇವಳು ಯಾವಾಗಲೂ ಹೇಳಿದ ಮಾತು ಕೇಳಲಿ ಎಂದು ವರ ಕೊಡುತ್ತಾಳೆ. ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಹಿರಿಯರು ಹರಸುವ ಮಾತೂ ಹೆಚ್ಚುಕಡಿಮೆ ಇದೇ, ಹಾಗಾಗಿ ಕನ್ನಡದ ಓದುಗರಿಗೆ ಇದು ಇನ್ನೂ ಚುರುಕಾಗಿ ತಾಕಬಹುದು. ಲೇಖಕಿ ಈ ಶಾಪಕ್ಕೆ ಕರಾರುವಾಕ್ಕಾದ ನಿಯಮ ಹಾಕಿದ್ದಾರೆ. ನೇರ ಆಜ್ಞೆಗೆ ಮಾತ್ರ ಅದು ಅನ್ವಯ. "ಶಾಲು ಹೊದ್ದುಕೋ" ಅಂದರೆ ಹೊದ್ದುಕೊಳ್ಳಲೇಬೇಕು. "ನೀನು ಶಾಲು ಹೊದ್ದುಕೊಂಡಿದ್ದರೆ ಚೆನ್ನಾಗಿತ್ತು" ಅಂದರೆ ಬಿಡಬಹುದು. ಯಾರು ಹೇಳಿದರೂ ನಡೆಯುತ್ತದೆ, ಗುರುತಿಲ್ಲದವರು ಹೇಳಿದರೂ. ತಡ ಮಾಡಬಹುದು, ಆದರೆ ಉಸಿರು ಕಟ್ಟುತ್ತದೆ, ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ. ಐದನೆಯ ಹುಟ್ಟುಹಬ್ಬದ ದಿನ ಅಡುಗೆಯ ಮ್ಯಾಂಡಿ ಪ್ರೀತಿಯಿಂದ "ತಿನ್ನು" ಅಂದದ್ದೇ ತಡ, ಮಗು ಹೊಟ್ಟೆ ತುಂಬಿದ ಮೇಲೂ ಕೇಕ್ ತಿನ್ನುತ್ತಲೇ ಇರುತ್ತದೆ. ವರ ಎಂಥದ್ದೆಂದು ಎಲಾಗೆ ಗೊತ್ತಾಗುವುದು ಹಾಗೆ.

ಎಲಾ ಇದನ್ನು ಸುಮ್ಮನೆ ಸಹಿಸುವವಳಲ್ಲ. ಬಾದಾಮಿ ತಾ ಅಂದರೆ ಎರಡೇ ಎರಡು ತರುತ್ತಾಳೆ. ಮೊಟ್ಟೆ ಕಡೆಯುವಾಗ ಬಟ್ಟಲು ಹಿಡಿದುಕೋ ಅಂದರೆ ಹಿಡಿದುಕೊಳ್ಳುತ್ತಾಳೆ, ಆದರೆ ಕಾಲು ನಿಲ್ಲುವುದಿಲ್ಲ; ಮ್ಯಾಂಡಿ ಕಡೆಯುತ್ತಾ ಅಡುಗೆಮನೆ ತುಂಬ ಅವಳ ಹಿಂದೆ ಅಲೆಯಬೇಕು. ಅಕ್ಷರಶಃ ಪಾಲಿಸಿ, ಅರ್ಥದಲ್ಲಿ ಮೀರುವುದು. ಇಡೀ ಕಾದಂಬರಿಯ ತಂತ್ರ ಈ ಎರಡು ಸಾಲಿನ ತಮಾಷೆಯಲ್ಲೇ ಇದೆ.

ಹಳೆ ಕಥೆಗಳನ್ನು ಹದಿಹರೆಯದವರಿಗಾಗಿ ಹೊಸದಾಗಿ ಹೇಳುವ ಯಂಗ್ ಅಡಲ್ಟ್ ಮರುಕಥನಗಳಲ್ಲಿ ಬಹಳಷ್ಟು ಕೆಡುವುದು ಇಲ್ಲಿಯೇ. ನಾಯಕಿ ಗಟ್ಟಿಗಿತ್ತಿ ಆಗಿರಬೇಕೆಂದು ಮೊದಲ ಪುಟದಿಂದಲೇ ಕತ್ತಿ ಕೊಡುತ್ತಾರೆ, ನಾಲಿಗೆ ಹರಿತ ಮಾಡುತ್ತಾರೆ. ಸರಿ, ಅಷ್ಟು ಗಟ್ಟಿಗಿತ್ತಿ ಆ ಮನೆಯಲ್ಲಿ ಪಾತ್ರೆ ತೊಳೆದುಕೊಂಡು ಯಾಕಿದ್ದಾಳೆ? ಉತ್ತರ ಇರುವುದಿಲ್ಲ. ಧೈರ್ಯ ಹೆಚ್ಚಿದಷ್ಟೂ ಕಟ್ಟಿಹಾಕುವ ಹಗ್ಗವೂ ಬಲವಾಗಬೇಕು. ಮರಿಸಾ ಮೇಯರ್ ಅವರ 'ಸಿಂಡರ್' (2012) ಇದನ್ನು ಬೇರೆ ರೀತಿ ಬಗೆಹರಿಸಿದೆ. ಅಲ್ಲಿ ಹುಡುಗಿ ಅರ್ಧ ಯಂತ್ರ, ಕಾನೂನಿನ ಪ್ರಕಾರ ಮಲತಾಯಿಯ ಹಿಡಿತದಲ್ಲಿರುವವಳು. ಮೆಟ್ಟಿಲ ಮೇಲೆ ಬಿಟ್ಟುಬರುವುದು ಚಪ್ಪಲಿಯನ್ನಲ್ಲ, ಲೋಹದ ಪಾದವನ್ನು.

ಚಪ್ಪಲಿಯ ವಿಷಯದಲ್ಲಿ ಲೆವಿನ್ ಇನ್ನೂ ಜಾಣೆ. ರಾಜ್ಯದಲ್ಲಿ ಅಷ್ಟು ಹುಡುಗಿಯರಿದ್ದೂ ಒಬ್ಬಳಿಗೇ ಯಾಕೆ ಸರಿಹೊಂದಬೇಕು? ಎಲಾಳ ತಾಯಿಯ ಕಡೆಯವರಲ್ಲಿ ಕಿನ್ನರಿಯರ ರಕ್ತ ಹರಿದಿದೆ, ಅವರ ಪಾದಗಳು ಅಸಾಧ್ಯ ಚಿಕ್ಕವು. ಇದನ್ನು ಮೊದಲೇ, ಬೇರೆ ಮಾತಿನ ನಡುವೆ ಹೇಳಿಬಿಟ್ಟಿರುತ್ತಾರೆ. ಗಾಜಿನ ಚಪ್ಪಲಿಯನ್ನೂ ಯಾರೂ ಮಂತ್ರ ಹಾಕಿ ತರಿಸುವುದಿಲ್ಲ. ಎಲಾಳ ಅಪ್ಪನ ಎರಡನೆಯ ಮದುವೆಯ ದಿನ ಹಳೆಯ ಅರಮನೆಯಲ್ಲಿ ಎಲಾ ಮತ್ತು ರಾಜಕುಮಾರ ಚಾರ್ ಮೆಟ್ಟಿಲ ಕಟಕಟೆಯ ಮೇಲೆ ಜಾರಿ ಆಡುತ್ತಾ ಅಡ್ಡಾಡುವಾಗ ಅವರಿಬ್ಬರಿಗೆ ಸಿಗುತ್ತದೆ. ಹಾಗಾಗಿ ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರುವ ಚಾರ್‌ಗೆ ಅದು ಯಾರದೆಂದು ಮೊದಲೇ ಗೊತ್ತು. ಹಳೆ ಕಥೆಯ ರಾಜಕುಮಾರನ ಹಾಗೆ ಮುಖ ಮರೆತು ಪಾದ ಅಳೆಯುವ ದುರ್ಗತಿ ಅವನಿಗಿಲ್ಲ.

ಪ್ರೇಮಕ್ಕೆ ಹೊತ್ತು ಬೇಕು. ಕಥೆಯಲ್ಲಿ ಎರಡು ಮೂರು ರಾತ್ರಿ ಸಾಕು, ಕಾದಂಬರಿಗೆ ಸಾಲದು. ಇಲ್ಲಿ ಇಬ್ಬರೂ ಭೇಟಿಯಾಗುವುದು ಎಲಾಳ ತಾಯಿಯ ಅಂತ್ಯಕ್ರಿಯೆಯ ದಿನ. ನಿಜವಾದ ಪ್ರೇಮ ಬೆಳೆಯುವುದು ಚಾರ್ ಒಂದು ವರ್ಷಕ್ಕೆ ಪಕ್ಕದ ಅಯೋರ್ಥಾ ರಾಜ್ಯಕ್ಕೆ ಹೋದಾಗ ನಡೆಯುವ ಪತ್ರಗಳಲ್ಲಿ. ಆ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಪುಸ್ತಕದ ಅತ್ಯುತ್ತಮ ಭಾಗ ಅದು. ಅವನು ಪತ್ರದಲ್ಲೇ ಮದುವೆಯ ಮಾತು ಎತ್ತುತ್ತಾನೆ. ಅವಳು ಕುಣಿಯಬೇಕು, ಆದರೆ ತನ್ನನ್ನು ಮದುವೆಯಾದರೆ ಅವನಿಗೇ ಅಪಾಯ ಎಂದು ಹೊಳೆಯುತ್ತದೆ: ಯಾರಾದರೂ ಅವಳ ಕಿವಿಯಲ್ಲಿ "ರಾಜನನ್ನು ಕೊಲ್ಲು" ಅಂದರೆ ಸಾಕಲ್ಲ. ಅದಕ್ಕೇ ಎಲಾ, ತಾನು ಯಾರೋ ಶ್ರೀಮಂತ ಮುದುಕನ ಜೊತೆ ಓಡಿಹೋದೆನೆಂದು, ಮಲಅಕ್ಕ ಹ್ಯಾಟಿಯೇ ಬರೆದ ಹಾಗೆ ಅವನಿಗೆ ಸುಳ್ಳು ಪತ್ರ ಕಳಿಸುತ್ತಾಳೆ. ಪ್ರೇಮಿಗಳನ್ನು ದೂರ ಮಾಡಲು ಕ್ಷುಲ್ಲಕ ತಪ್ಪುತಿಳಿವಳಿಕೆ ತುರುಕುವ ಲೇಖಕರು ಈ ಭಾಗವನ್ನು ಕೂತು ಓದಬೇಕು. ಇಲ್ಲಿ ಅಡ್ಡಿ ಹೊರಗಿನಿಂದ ಬಂದದ್ದಲ್ಲ, ಮೊದಲ ಪುಟದ ನಿಯಮದಿಂದಲೇ ಬಂದದ್ದು.

ಇನ್ನೊಂದು ಜಾಗ ತಪ್ಪಿಸಬೇಡಿ. ದೈತ್ಯರ ಮದುವೆಯೊಂದರಲ್ಲಿ ಎಲಾ ಕೊನೆಗೂ ಲೂಸಿಂಡಾಳನ್ನು ಹಿಡಿದು, ವರ ವಾಪಸ್ ತಗೋ ಎಂದು ಬೇಡುತ್ತಾಳೆ. ಲೂಸಿಂಡಾ, ಇಂಥ ಒಳ್ಳೆಯ ಗುಣ ಸಿಕ್ಕಿದ್ದಕ್ಕೆ ಸಂತೋಷಪಡು ಅನ್ನುತ್ತಾಳೆ. ಅದೂ ಆಜ್ಞೆಯೇ! ಕಥೆ ಹೇಳುತ್ತಿರುವವಳು ಎಲಾ, ಹಾಗಾಗಿ ಅಲ್ಲಿಂದ ಅವಳ ದನಿಯೇ ಬದಲಾಗುತ್ತದೆ. ಗುಲಾಮಗಿರಿಯಲ್ಲಿ ನಿಜವಾಗಿಯೂ ಖುಷಿಯಾಗಿದ್ದಾಳೆ. ಮ್ಯಾಂಡಿ ಆ ಆಜ್ಞೆ ತೆಗೆಯುವ ತನಕದ ಪುಟಗಳು, ಯಾವ ರಾಕ್ಷಸನೂ ಇಲ್ಲದೆ, ಪುಸ್ತಕದಲ್ಲೇ ಹೆಚ್ಚು ಭಯ ಹುಟ್ಟಿಸುತ್ತವೆ.

ಕೊರತೆ ಇಲ್ಲವೆಂದಲ್ಲ. ಹ್ಯಾಟಿ ದುರಾಸೆಗೆ ಕೈಕಾಲು ಬಂದ ಹಾಗಿದ್ದಾಳೆ, ಬೇರೆ ಬಣ್ಣವಿಲ್ಲ. ನಡುವಿನ ಪ್ರಯಾಣ, ನರಭಕ್ಷಕರು ಹಿಡಿಯುವುದು ಇತ್ಯಾದಿ, ಸ್ವಲ್ಪ ಎಳೆದಂತೆ ಅನ್ನಿಸುತ್ತದೆ. ಅಲ್ಲಲ್ಲಿ ಬರುವ ಕಲ್ಪಿತ ಭಾಷೆಗಳ ಸಾಲುಗಳನ್ನು ಕಂಡು ಗಾಬರಿಯಾಗಬೇಡಿ, ಬಿಟ್ಟು ಓದಿದರೂ ನಷ್ಟವಿಲ್ಲ. ಅಯೋರ್ಥಾ ಭಾಷೆಯ ಪದಗಳು ಯಾವ ಸ್ವರದಿಂದ ಶುರುವಾಗುತ್ತವೋ ಅದೇ ಸ್ವರದಲ್ಲಿ ಮುಗಿಯುತ್ತವೆ, ಅದನ್ನು ಗಮನಿಸಿದರೆ ಸಾಕು.

ಕೊನೆ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಹಾರಿಸಿ. ಚಾರ್ ಎದುರು ನಿಂತು "ನನ್ನನ್ನು ಮದುವೆಯಾಗು" ಅನ್ನುತ್ತಾನೆ. ಅವಳಿಗೂ ಬೇಕಾದದ್ದು ಅದೇ, ಶಾಪ ಹೇಳುವುದೂ ಅದನ್ನೇ. ಆದರೆ ಅವನು ಉಳಿಯಬೇಕಾದರೆ ಒಪ್ಪಬಾರದು. ಒದ್ದಾಡಿ, ಕೊನೆಗೆ "ಆಗುವುದಿಲ್ಲ" ಎಂದು ಕೂಗುತ್ತಾಳೆ, ಶಾಪ ಮುರಿಯುತ್ತದೆ. ಆಮೇಲೆ ಅವಳೇ ಅವನನ್ನು ಕೇಳುತ್ತಾಳೆ. ಕಿನ್ನರಿ ಬಿಡಿಸಲಿಲ್ಲ, ರಾಜಕುಮಾರನೂ ಬಿಡಿಸಲಿಲ್ಲ. ಮದುವೆಯಾದ ಮೇಲೂ ರಾಜಕುಮಾರಿ ಎಂಬ ಬಿರುದು ಬೇಡವೆಂದು ಆಸ್ಥಾನದ ಭಾಷಾತಜ್ಞೆ, ಅಡುಗೆಯವಳ ಸಹಾಯಕಿ ಎಂಬ ಎರಡು ಹುದ್ದೆ ಇಟ್ಟುಕೊಳ್ಳುತ್ತಾಳೆ.

ಓದಿ ಮುಗಿಸಿದವರು ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ 'ಹಂಚಿ' ಕಥೆಯನ್ನು ಜೊತೆಗಿಟ್ಟು ನೋಡಬಹುದು. ಚಿನ್ನದ ಕೂದಲಿನ ಹುಡುಗಿ, ಸ್ವಂತ ಅಣ್ಣನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಡುತ್ತಾಳೆ. ಅಲ್ಲಿ ಮದುವೆ ನಡೆಯುವುದು ಕಥೆಯ ಮಧ್ಯದಲ್ಲಿ. ದೊಡ್ಡ ಕಷ್ಟಗಳು ಶುರುವಾಗುವುದು ಆಮೇಲೆ. ಯಾರಾದರೂ ಕನ್ನಡದಲ್ಲಿ ಹದಿಹರೆಯದವರಿಗೆ ಇಂಥ ಕಾದಂಬರಿ ಬರೆಯಹೊರಟರೆ ಕಚ್ಚಾ ಮಾಲು ತಯಾರಾಗಿಯೇ ಇದೆ. 2004ರ ಸಿನಿಮಾವನ್ನು ಮಾತ್ರ ಪುಸ್ತಕ ಮುಗಿಯುವ ತನಕ ಮುಟ್ಟಬೇಡಿ. ಅದರಲ್ಲಿ ಸಿಂಹಾಸನಕ್ಕೆ ಹೊಂಚು ಹಾಕುವ ಚಿಕ್ಕಪ್ಪನೊಬ್ಬನನ್ನು ಹೊಸದಾಗಿ ತಂದು ಕೂರಿಸಿದ್ದಾರೆ, ಅವನ ಗದ್ದಲದಲ್ಲಿ ಆ ಪತ್ರಗಳಿಗೆ ಜಾಗವೇ ಉಳಿದಿಲ್ಲ.