ಒಂದು ಚಳಿಗಾಲಕ್ಕೆಂದು ನಿಲ್ಲಿಸಿದ ಇಂಪಾಲಾ

ಸ್ಟೇರಿಂಗಿಗೆ ಅಂಟಿಸಿದ್ದ ಕಾಗದದ ಪಟ್ಟಿ ಹಳದಿಗಟ್ಟಿತ್ತು. ಪೆನ್ಸಿಲ್ ಬರಹ ಮಾತ್ರ ಅಳಿಸಿರಲಿಲ್ಲ: "ಆಯಿಲ್ ಬದಲಿಸಿದೆ. ಟ್ಯಾಂಕ್ ತುಂಬಿಸಿದೆ. ಬ್ಯಾಟರಿ ಹಲಗೆಯ ಮೇಲಿದೆ. ಹಿಂದಿನ ಎಡ ಬ್ರೇಕ್ ಏಪ್ರಿಲ್‌ನಲ್ಲಿ ನೋಡಬೇಕು." ಕೆಳಗೆ 1991ರ ನವೆಂಬರ್ ತಿಂಗಳ ಒಂದು ತಾರೀಕು.

ನಾನು ಅದನ್ನು ಓದಿದ್ದು 2024ರ ಮಾರ್ಚ್‌ನಲ್ಲಿ. ನಮ್ಮ ಮನೆ ಇರುವುದು ಮಿಷಿಗನ್ ರಾಜ್ಯದ ಚೆಲ್ಸಿ ಊರಿನ ಹೊರಗೆ, ಆನ್ ಆರ್ಬರ್‌ನಿಂದ ಪಶ್ಚಿಮಕ್ಕೆ ಇಪ್ಪತ್ತೈದು ನಿಮಿಷದ ದಾರಿ. ಪಕ್ಕದ ಜಮೀನಿನ ಅಜ್ಜನಿಗೆ ಆಗ 88 ವರ್ಷ. ಒಬ್ಬರೇ ಇರಲಾಗದೆ ಒಹಾಯೋದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮನೆ ಖಾಲಿ ಮಾಡಲು ಬಂದ ಆ ಮಗಳು, ಕಾರಿನ ಕಂಪನಿಯಲ್ಲಿ ಕೆಲಸ ಮಾಡುವವನು ಎಂಬ ನಂಬಿಕೆಯಿಂದ ನನ್ನನ್ನು ಮರದ ಬಾರ್ನ್‌ಗೆ (ಹುಲ್ಲು, ಸಾಮಾನು ಇಡುವ ದೊಡ್ಡ ಕೊಟ್ಟಿಗೆ) ಕರೆದುಕೊಂಡು ಹೋಗಿ ಟಾರ್ಪಾಲಿನ ಒಂದು ತುದಿ ಎತ್ತಿದರು. ಇದನ್ನು ಮಾರಿಕೊಡಲು ಆಗುತ್ತದೆಯೇ ಎಂದು ಕೇಳಿದರು.

ಒಳಗಿದ್ದದ್ದು 1965ರ ಷೆವರ್ಲೆ ಇಂಪಾಲಾ, ನಾಲ್ಕು ಬಾಗಿಲಿನದು. ಮೇಲೆ ಕೆನೆ ಬಣ್ಣ, ಕೆಳಗೆ ಕಡು ನೀಲಿ. ಬದಿಯಲ್ಲಿ ನಡುಗಂಬ ಇಲ್ಲದ ಹಾರ್ಡ್‌ಟಾಪ್ ಮಾದರಿ. ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಪಕ್ಕ ಪೂರ್ತಿ ತೆರೆದ ಪಡಸಾಲೆಯಂತಾಗುತ್ತದೆ. ಹಿಂಬದಿಯಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು ದುಂಡನೆಯ ಕೆಂಪು ದೀಪಗಳು. ಉದ್ದ 5.4 ಮೀಟರ್, ಅಗಲ ಎರಡು ಮೀಟರ್. ಮಾರುತಿ 800ರ ಉದ್ದ 3.3 ಮೀಟರ್ ಎಂದರೆ ಊರಿನವರಿಗೆ ಅಂದಾಜು ಸಿಗಬಹುದು. ನಮ್ಮ ಅಪ್ಪ ತಿಪಟೂರಿನ ರೈಲ್ವೆ ಸ್ಟೇಷನ್ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಅದರ ಪೆಟ್ರೋಲ್ ಎಂಜಿನ್ ಒಂದೂವರೆ ಲೀಟರಿನದು. ಈ ಇಂಪಾಲಾದ ಬಾನೆಟ್ ಕೆಳಗಿರುವುದು 4.6 ಲೀಟರಿನ, ಎಂಟು ಸಿಲಿಂಡರಿನ, 195 ಅಶ್ವಶಕ್ತಿಯ ಎಂಜಿನ್.

ಆ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲಾಗಳು ಮಾರಾಟವಾಗಿದ್ದವು. ಇದು ಸಿರಿವಂತರ ಕಾರಾಗಿರಲಿಲ್ಲ. ಸಿರಿವಂತರಿಗೆ ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನದೇ ಕ್ಯಾಡಿಲಾಕ್ ಇತ್ತು. ಸಂಬಳದ ಕೆಲಸದವನು ಕಂತಿನ ಮೇಲೆ ಕೊಂಡು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಡಿಕ್ಕಿಯಲ್ಲಿ ಡೇರೆ ಹಾಸಿಗೆ ತುಂಬಿಕೊಂಡು ಹೊರಡುತ್ತಿದ್ದ ಕಾರು. ನಮ್ಮ ಕಡೆ ಇಂಪಾಲಾ ಎಂದರೆ ಸಿನಿಮಾದ ಸಾಹುಕಾರನ ಕಾರು ಎಂದೇ ಲೆಕ್ಕ. ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದು ನಿಂತು ನೋಡಿದರು.

ಬಾಗಿಲ ಕೀಲಿನ ಹತ್ತಿರದ ಕಂಬದಲ್ಲಿ ಸಣ್ಣ ತಗಡಿನ ಮೇಲೆ ಕಾರಿನ ನಂಬರ್ ಇದೆ. ಓದಲು ಬಂದರೆ ಅದೇ ಕಾರಿನ ಜಾತಕ. ಮೊದಲ 1 ಎಂದರೆ ಷೆವರ್ಲೆ, 64 ಎಂದರೆ ಎಂಟು ಸಿಲಿಂಡರಿನ ಇಂಪಾಲಾ, 39 ಎಂದರೆ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್, 5 ಎಂದರೆ 1965. ಆಮೇಲೆ ಎಫ್ ಅಕ್ಷರ, ಅಂದರೆ ಫ್ಲಿಂಟ್ ಊರಿನ ಕಾರ್ಖಾನೆ. ಜನರಲ್ ಮೋಟಾರ್ಸ್ 1908ರಲ್ಲಿ ಹುಟ್ಟಿದ್ದೂ ಅದೇ ಫ್ಲಿಂಟ್‌ನಲ್ಲಿ. ನಮ್ಮಲ್ಲಿಂದ ಒಂದು ತಾಸಿನ ದಾರಿ. ಅಜ್ಜ ಹೊಸದಾಗಿ ಕೊಂಡ ಈ ಕಾರು, ಹುಟ್ಟಿದ ಊರಿನ ಇಷ್ಟು ಹತ್ತಿರದಲ್ಲೇ ಬದುಕು ಕಳೆದಿದೆ.

ಇಲ್ಲಿನವರು ಇಷ್ಟದ ಕಾರನ್ನು ಚಳಿಗಾಲದಲ್ಲಿ ಏಕೆ ಒಳಗಿಡುತ್ತಾರೆ ಎಂಬುದು ಇಲ್ಲಿಗೆ ಬಂದ ಮೊದಲ ವರ್ಷ ನನಗೆ ತಿಳಿದಿರಲಿಲ್ಲ. ಹಿಮ ಕರಗಲಿ ಎಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಉಪ್ಪುನೀರು ಚಕ್ರದಿಂದ ಚಿಮ್ಮಿ ತಳದ ಸಂದುಗೊಂದುಗಳಲ್ಲಿ ಕೂತು ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುತ್ತದೆ. ಅದಕ್ಕೇ ಅಜ್ಜ ಪ್ರತಿ ನವೆಂಬರ್‌ನಲ್ಲಿ ಕಾರು ನಿಲ್ಲಿಸಿ, ಏಪ್ರಿಲ್‌ನಲ್ಲಿ ತೆಗೆಯುತ್ತಿದ್ದರು. 1992ರ ವಸಂತದಲ್ಲಿ ಅವರ ಹೆಂಡತಿ ಕಾಯಿಲೆ ಬಿದ್ದರು. ಕಾರು ಹೊರಗೆ ಬರಲಿಲ್ಲ. ಒಂದು ಚಳಿಗಾಲಕ್ಕೆಂದು ನಿಲ್ಲಿಸಿದ್ದು 33 ಚಳಿಗಾಲ ಅಲ್ಲೇ ನಿಂತಿತು.

ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅವರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಐದು ತಿಂಗಳಿಗೆ. ಟ್ಯಾಂಕ್ ತುಂಬಿದ್ದರೆ ಒಳಗೆ ತೇವ ಕೂರುವುದಿಲ್ಲ, ನಿಜ. ಮೂವತ್ತು ವರ್ಷ ಕಳೆದರೆ ಅದೇ ಪೆಟ್ರೋಲ್ ಜೇನಿನ ಬಣ್ಣಕ್ಕೆ ತಿರುಗಿ, ಅಂಟಾಗಿ, ವಾರ್ನಿಷ್ ವಾಸನೆ ಹೊಡೆಯುತ್ತದೆ. ಇಲಿ ಹೋಗದಿರಲೆಂದು ಸೈಲೆನ್ಸರ್ ಕೊಳವೆಗೆ ತುರುಕಿದ್ದ ಉಕ್ಕಿನ ನಾರು ಪುಡಿಪುಡಿಯಾಗಿತ್ತು. ಇಲಿಗಳು ಬೇರೆ ದಾರಿಯಿಂದ ಬಂದು ಏರ್ ಕ್ಲೀನರ್ ಒಳಗೆ ಸೀಟಿನ ಹತ್ತಿಯಿಂದ ಗೂಡು ಕಟ್ಟಿದ್ದವು. (ಇಲ್ಲಿನ ಇಲಿಯ ಹಿಕ್ಕೆಯಿಂದ ಹಂಟಾ ವೈರಸ್ ಹರಡಬಹುದು. ಅದನ್ನು ಒಣಗಿದ್ದಂತೆ ಗುಡಿಸಬಾರದು. ಮಾಸ್ಕ್, ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರಿನಿಂದ ನೆನೆಸಿ ಒರೆಸಿ ತೆಗೆಯಬೇಕು.) ಬಾರ್ನ್‌ನ ನೆಲ ಮಣ್ಣಿನದು. ಸೂರು ಸೋರದಿದ್ದರೂ ನೆಲದಿಂದ ತೇವ ಏಳುತ್ತಲೇ ಇತ್ತು. ಮೇಲಿನ ಬಣ್ಣ ಕನ್ನಡಿಯಂತಿದ್ದು, ಡಿಕ್ಕಿಯ ತಳದಲ್ಲಿ ಅಂಗೈ ಅಗಲದ ತೂತು ಬಿದ್ದದ್ದು ಹೀಗೆ.

ಅಪ್ಪ ಪ್ರತಿ ಶನಿವಾರ ಫೋನಿನಲ್ಲಿ ವಿಚಾರಿಸುತ್ತಿದ್ದರು.

"ಸೆಲ್ಫ್ ಹೊಡೆದ್ಯೇನೋ?"

"ಇಲ್ಲಪ್ಪ."

"ಹೊಡೀಬೇಡ. ರಿಂಗು ಬೋರಿಗೆ ಕಚ್ಕೊಂಡಿರ್ತದೆ. ಎಣ್ಣೆ ಬಿಟ್ಟು ಕೈಯಲ್ಲಿ ತಿರುಗ್ತದಾ ನೋಡು ಮೊದ್ಲು."

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತವೆ ಎಂಬುದು ಅವರ ಮಾತು. ಅಂಬಾಸಿಡರಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕೈ ಅದು. ಎಂಟೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎಣ್ಣೆ ಬಿಟ್ಟು ಹತ್ತು ದಿನ ಕಾದೆ. ಉದ್ದನೆಯ ಪಾನಾ ಹಾಕಿ ಕ್ರ್ಯಾಂಕಿನ ಬೋಲ್ಟನ್ನು ತಿರುಗಿಸಿದಾಗ ಮೊದಲ ದಿನ ಜಗ್ಗಲಿಲ್ಲ. ಮೂರನೆಯ ದಿನ ಬೆರಳಗಲ ಸರಿಯಿತು. ವಾರದ ಕೊನೆಗೆ ಪೂರ್ತಿ ಸುತ್ತು ಬಂತು. ಅಲ್ಲಿಗೆ ನಿಲ್ಲಿಸಿದೆ. ಸ್ಟಾರ್ಟ್ ಮಾಡಿ ವಿಡಿಯೋ ಹಾಕಿದರೆ ಬೆಲೆ ಏರುತ್ತದೆ ಎಂದು ಹಲವರು ಹೇಳಿದರು. ಅಂಟುಗಟ್ಟಿದ ಪೆಟ್ರೋಲನ್ನು ಎಂಜಿನ್ನಿಗೆ ಕುಡಿಸಿ ವಾಲ್ವು ಸಿಕ್ಕಿಸಿ, ಎರಡು ನಿಮಿಷದ ಸದ್ದು ಕೇಳಿಸಿ ಮಾರುವುದು ಕೊಳ್ಳುವವನಿಗೆ ಮಾಡುವ ದ್ರೋಹ. ಓಡಿಸಿ ತೋರಿಸುವ ಮಾತಂತೂ ಇರಲೇ ಇಲ್ಲ. ಆ ಕಾಲದ ಷೆವರ್ಲೆಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಚಕ್ರಗಳ ಕಡೆಗೆ ಬ್ರೇಕ್ ಎಣ್ಣೆ ತಳ್ಳುವ ಭಾಗ) ಒಂದೇ ಕೋಣೆಯದು. ನಾಲ್ಕು ಚಕ್ರದಲ್ಲಿ ಎಲ್ಲಿ ಸೋರಿದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕ್ ಒಟ್ಟಿಗೇ ಹೋಗುತ್ತವೆ. ಎರಡು ಭಾಗದ ಸಿಲಿಂಡರ್ ಬಂದದ್ದು 1967ರ ಮಾದರಿಗೆ. ಹಳೆಯ ಪೆಟ್ರೋಲನ್ನು ಕ್ಯಾನುಗಳಿಗೆ ಇಳಿಸಿ ಕೌಂಟಿಯ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು ಬಂದೆ.

ಆಮೇಲೆ ಮೈಲಿಯ ವಿಷಯ. ಮೀಟರಿನಲ್ಲಿ 18,412 ಎಂದಿತ್ತು. ಅಜ್ಜನ ಮಗಳ ಮುಖ ಅರಳಿತು. ಹದಿನೆಂಟು ಸಾವಿರ ಮೈಲಿಯಷ್ಟೇ ಓಡಿದ 1965ರ ಇಂಪಾಲಾ ಎಂದರೆ ಬೆಲೆಯೇ ಬೇರೆ. ಆದರೆ ಆ ಮೀಟರಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪೆಟ್ರೋಲ್ ಲೆಕ್ಕದ ಪುಸ್ತಕ ಸಿಕ್ಕಿತು. ಗ್ಯಾಲನ್ನಿಗೆ 31 ಸೆಂಟ್ ಇದ್ದ ದಿನದಿಂದ ಶುರು. 1982ರ ಒಂದು ಪುಟದಲ್ಲಿ 00000 ಎಂದು ಬರೆದು ಸುತ್ತ ವೃತ್ತ ಎಳೆದಿದ್ದರು. ಅಂದರೆ ಓಡಿರುವುದು 1,18,412. ಇಷ್ಟು ಹಳೆಯ ಕಾರಿಗೆ ಮೈಲಿ ಬರೆದುಕೊಡಲೇಬೇಕೆಂಬ ಕಡ್ಡಾಯ ಇಲ್ಲಿನ ಕೇಂದ್ರ ಕಾನೂನಿನಲ್ಲಿ ಇಲ್ಲ. ಪುಸ್ತಕ ನೋಡಿದ್ದು ನಾವಿಬ್ಬರೇ. ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಪುಟ ತಿರುವುತ್ತಾ ನಿಂತು, "ಇದು ಕಾರಿನ ಜೊತೆಗೇ ಹೋಗಲಿ" ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಜಾಹೀರಾತನ್ನು ನಾನೇ ಬರೆದೆ. ಇಲ್ಲಿ ಇಂಥ ಕಾರಿನ ಜಾಹೀರಾತಿನಲ್ಲೆಲ್ಲ ಒಂದು ಮಾತು ಇದ್ದೇ ಇರುತ್ತದೆ: "ನಿಲ್ಲಿಸಿದಾಗ ಓಡುತ್ತಿತ್ತು." ಸುಳ್ಳಲ್ಲ, ಆದರೆ ಅದರಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ನಾನು ಎಂಜಿನ್ ಕೈಯಲ್ಲಿ ತಿರುಗುತ್ತದೆ, ಸ್ಟಾರ್ಟ್ ಮಾಡಿಲ್ಲ ಎಂದು ಬರೆದೆ. ಡಿಕ್ಕಿಯ ತೂತಿನ ಫೋಟೋವನ್ನೇ ಎರಡನೆಯದಾಗಿ ಹಾಕಿದೆ. ಧೂಳು ಒರೆಸಲಿಲ್ಲ. 33 ಚಳಿಗಾಲ ಯಾರೂ ಮುಟ್ಟಿಲ್ಲ ಎಂಬುದಕ್ಕೆ ಆ ಧೂಳೇ ಸಾಕ್ಷಿ. ಕೇಳಿದ್ದು 4,500 ಡಾಲರ್. ಇದೇ ಕಾರಿಗೆ ಎರಡೇ ಬಾಗಿಲಿದ್ದರೆ ಅದರ ಹಲವು ಪಟ್ಟು ಕೇಳಬಹುದಿತ್ತು. ಬಾಗಿಲು ಹೆಚ್ಚಿದಷ್ಟೂ ಬೆಲೆ ಇಳಿಯುವ ಈ ಲೆಕ್ಕವನ್ನು ಅಪ್ಪ ಇವತ್ತಿಗೂ ಒಪ್ಪಿಲ್ಲ.

ಮೊದಲು ಬಂದವರು ಜೇಬಿನಿಂದ ಅಯಸ್ಕಾಂತ ತೆಗೆದು ಮಡ್‌ಗಾರ್ಡಿನ ಉದ್ದಕ್ಕೂ ಹಿಡಿದರು. ಪುಟ್ಟಿ ಮೆತ್ತಿದ್ದ ಕಡೆ ಅದು ಅಂಟುವುದಿಲ್ಲ. ಎಲ್ಲ ಕಡೆಯೂ ಅಂಟಿತು. ಅವರಿಗೆ ಬೇಕಿದ್ದದ್ದು ಮಾತ್ರ ಬಿಡಿಭಾಗ: ಆರು ದೀಪ, ಮುಂದಿನ ಜಾಲರಿ, ಬಂಪರುಗಳು. ಉಳಿದದ್ದು ಗುಜರಿಗೆ. ಪೂರ್ತಿ ಹಣ ಕೊಡಲು ತಯಾರಿದ್ದರು. ಚಾಸಿ ಕೊಳೆತ ಕಾರಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಬಿಚ್ಚಿದ ಕಾರು ಇನ್ನು ನಾಲ್ಕು ಕಾರುಗಳನ್ನು ಬದುಕಿಸುತ್ತದೆ. ಇದರದು ಕೊಳೆತಿರಲಿಲ್ಲ. ಹಿಂದಿನ ಅಚ್ಚಿನ ಮೇಲೆ ಚಾಸಿ ಬಾಗುವ ಜಾಗದಲ್ಲಿ, ಉಪ್ಪು ಮೊದಲು ಹಿಡಿಯುವ ಜಾಗದಲ್ಲಿ, ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ದನಿ ಬರುತ್ತಿತ್ತು. ಅದನ್ನು ಮಗಳಿಗೆ ಕೇಳಿಸಿದೆ. ಅವರು ಕಾಯುತ್ತೇನೆ ಎಂದರು.

ಮೇ ತಿಂಗಳಲ್ಲಿ ಜ್ಯಾಕ್ಸನ್ ಊರಿನ ಕಡೆಯ ಒಬ್ಬ ತಂದೆ, ಅವರ ಮಗಳು ಕಾರು ನೋಡಲು ಬಂದರು. ಹುಡುಗಿಗೆ ಹದಿನಾರೋ ಹದಿನೇಳೋ. ಕಾರಿನ ಅಡಿಗೆ ಮೊದಲು ನುಸುಳಿದ್ದು ಅವಳೇ. ಸ್ಟೇರಿಂಗಿನ ಚೀಟಿಯನ್ನು ಎರಡು ಸಲ ಓದಿ, ಇದನ್ನು ಕೀಳಬೇಡಿ ಎಂದಳು. 4,000 ಡಾಲರಿಗೆ ಮಾತು ಮುಗಿಯಿತು. ನಮ್ಮ ಆರ್‌ಸಿ ಬುಕ್ಕಿನಂಥ ಮಾಲೀಕತ್ವದ ಪತ್ರಕ್ಕೆ ಅಜ್ಜ ಒಹಾಯೋದಿಂದಲೇ ಸಹಿ ಹಾಕಿ ಕಳಿಸಿದ್ದರು.

ಲಾರಿಯ ಮೇಲಿನ ವಿಂಚಿನಿಂದ ಎಳೆಯುವಾಗ ಮೂರು ಚಕ್ರ ಉರುಳಿದವು. ನಾಲ್ಕನೆಯದು ಉರುಳದೆ ಬಾರ್ನ್‌ನ ಮಣ್ಣಿನಲ್ಲಿ ಉದ್ದಕ್ಕೂ ಗೀರು ಎಳೆದುಕೊಂಡು ಹೊರಗೆ ಬಂತು. ಸಂಜೆ ಅಜ್ಜನಿಗೆ ಫೋನ್ ಮಾಡಿದೆ. ಎಷ್ಟಕ್ಕೆ ಹೋಯಿತು ಎಂದು ಅವರು ಕೇಳಲಿಲ್ಲ.

"ಹಿಂದಿನ ಎಡ ಚಕ್ರ ತಿರುಗಿತೇ?"

ಇಲ್ಲ ಎಂದೆ.

"ಏಪ್ರಿಲ್‌ನಲ್ಲಿ ನೋಡಬೇಕಿತ್ತು" ಎಂದರು.