ಬಾಟಿಕ್ ದುಡ್ಡಿನಲ್ಲಿ ಕಟ್ಟಿದ ಊರು

ಚೆನ್ನೈನಿಂದ ಮಹಾಬಲಿಪುರಕ್ಕೆ ಹೊರಟ ನಮ್ಮ ಕಡೆಯ ಪ್ರವಾಸಿಗರು ದಾರಿಯಲ್ಲಿ ಮೊಸಳೆ ನೋಡಲು ಇಳಿಯುತ್ತಾರೆ, ತಪ್ಪಿದರೆ ದಕ್ಷಿಣಚಿತ್ರದ ಹಳೆಯ ಮನೆಗಳನ್ನು ನೋಡಲು. ಅವೆರಡಕ್ಕೂ ಮುಂಚೆಯೇ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾಗ್ರಾಮ ಸಿಗುತ್ತದೆ. ಈ ಸಲ ನಾನು ಹೊರಟದ್ದೇ ಅದಕ್ಕಾಗಿ. ತಿರುವಾನ್ಮಿಯೂರಿನಲ್ಲಿ ಹತ್ತಿದ ಬಸ್ಸು ಅಂಗಡಿ, ಹೋಟೆಲು, ಅಪಾರ್ಟ್‌ಮೆಂಟುಗಳ ಸಾಲಿನ ನಡುವೆ ತೆವಳಿತು. 1966ರಲ್ಲಿ ಕಲಾವಿದರು ಬಂದಿಳಿದಾಗ ಇಲ್ಲಿ ಇದ್ದದ್ದು ಮರಳು ಮತ್ತು ಸಮುದ್ರದ ಗಾಳಿ. ಕರೆಂಟು ಇರಲಿಲ್ಲ. ಗರಿ ಹೊದಿಸಿದ ಗುಡಿಸಲುಗಳಲ್ಲೇ ಚಿತ್ರ ಬರೆದರು. ಈಗ ಇಂಜಂಬಾಕ್ಕಂ ಚೆನ್ನೈ ಮಹಾನಗರಪಾಲಿಕೆಗೇ ಸೇರಿಹೋಗಿದೆ.

ಈ ಊರಿನ ಹಿಂದಿದ್ದವರು ಕೆ.ಸಿ.ಎಸ್. ಪಣಿಕ್ಕರ್. ಮದ್ರಾಸಿನ ಸರ್ಕಾರಿ ಕಲಾ ಶಾಲೆಯ ಪ್ರಾಂಶುಪಾಲರು. ಅವರನ್ನು ಕಾಡುತ್ತಿದ್ದ ಪ್ರಶ್ನೆ ಸರಳವಾಗಿತ್ತು: ಇಷ್ಟು ಚೆನ್ನಾಗಿ ಕಲಿತ ಹುಡುಗರು ಹೊರಗೆ ಹೋದ ಮೇಲೆ ಏನು ಮಾಡಬೇಕು? ಆಗಿನ ಮದ್ರಾಸಿನಲ್ಲಿ ಹೊಸ ಬಗೆಯ ಚಿತ್ರಗಳನ್ನು ಕೊಳ್ಳುವವರು ತೀರಾ ಕಡಿಮೆ. ಯಾವುದೋ ನೌಕರಿ ಹಿಡಿದವನ ಕುಂಚ ಕೆಲವೇ ವರ್ಷಗಳಲ್ಲಿ ಒಣಗಿಹೋಗುತ್ತಿತ್ತು. ಹಾಗಾಗಿ ಗುರುಶಿಷ್ಯರು ಸೇರಿ ಕರಕುಶಲ ಸಂಘವೊಂದನ್ನು ಕಟ್ಟಿಕೊಂಡರು. ಬಾಟಿಕ್ ಬಟ್ಟೆ ಮಾಡಿದರು, ಮಾರಿದರು, ಬಂದ ಹಣವನ್ನು ಕೂಡಿಟ್ಟು ನೆಲ ಕೊಂಡರು. ಸರ್ಕಾರದ ಮುಂದೆ ಕೈಯೊಡ್ಡಲಿಲ್ಲ, ದೊಡ್ಡ ದಾನಿಯನ್ನು ಕಾಯಲಿಲ್ಲ. ನನಗೆ ಚೋಳಮಂಡಲ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಬಾಟಿಕ್ ಸುಲಭದ ಕೆಲಸವೇನಲ್ಲ. ಬಿಳಿ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಗೆರೆ ಎಳೆಯಬೇಕು. ಮೇಣ ಹೆಚ್ಚು ಕಾದರೆ ಬಟ್ಟೆಯಲ್ಲಿ ಹರಡಿಕೊಳ್ಳುತ್ತದೆ, ಆರಿದರೆ ನೂಲಿನೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ಬಣ್ಣದಲ್ಲಿ ಅದ್ದಿದಾಗ ಮೇಣ ಮುಚ್ಚಿದ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಮತ್ತೆ ಮೇಣ, ಮತ್ತೆ ಬಣ್ಣ, ತಿಳಿಯಿಂದ ಗಾಢಕ್ಕೆ. ಮೇಣ ಬಿರಿದಲ್ಲಿ ಬಣ್ಣ ನುಗ್ಗಿ ಎಳೆ ಎಳೆಯಾಗಿ ಹರಡುವ ಗೆರೆಗಳನ್ನು ಮಾತ್ರ ಯಾರೂ ಮೊದಲೇ ಬರೆದಿಡಲಾರರು. ಕೊನೆಗೆ ಬಿಸಿನೀರಿನಲ್ಲಿ ಕುದಿಸಿ ಮೇಣ ತೆಗೆಯಬೇಕು. ದಿನದ ಒಂದು ಪಾಲು ಈ ಕೆಲಸಕ್ಕೆ, ಉಳಿದದ್ದು ತಮ್ಮ ಚಿತ್ರಕ್ಕೆ. ಹೊಟ್ಟೆಪಾಡನ್ನು ಬಟ್ಟೆ ನೋಡಿಕೊಂಡಿದ್ದರಿಂದ ಕೊಳ್ಳುವವನ ರುಚಿಗೆ ಚಿತ್ರವನ್ನು ಬಗ್ಗಿಸಬೇಕಾಗಿರಲಿಲ್ಲ.

ಪಣಿಕ್ಕರ್ ಹೆಸರಿನ ವಸ್ತುಸಂಗ್ರಹಾಲಯ 2009ರಲ್ಲಿ ತೆರೆಯಿತು. ಮದ್ರಾಸ್ ಕಲಾ ಚಳವಳಿ ಎಂದು ಹೆಸರಾದ ಇಡೀ ತಲೆಮಾರು ಇಲ್ಲಿ ಒಂದೇ ಸೂರಿನಡಿ ಸಿಗುತ್ತದೆ. ಪಣಿಕ್ಕರ್ ಅವರ ‘ಪದಗಳು ಮತ್ತು ಸಂಕೇತಗಳು’ ಸರಣಿಯ ಚಿತ್ರಗಳನ್ನು ಅವಸರದಲ್ಲಿ ನೋಡಬಾರದು. ಜಾತಕದ ಚೌಕಗಳು, ಗಣಿತದ ಗುರುತುಗಳು, ಮಲಯಾಳಂ ಲಿಪಿಯ ಹಾಗೆ ತೋರುವ ಸಣ್ಣಸಣ್ಣ ಸಾಲುಗಳು. ಹತ್ತಿರ ಹೋಗಿ ಓದಲು ನೋಡಿದರೆ ಒಂದು ಪದವೂ ಕೂಡಿಬರುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಇಡೀ ಕ್ಯಾನ್ವಾಸು ಪಂಚಾಂಗದ ಹಳೆಯ ಹಾಳೆಯಂತೆ ನಿಲ್ಲುತ್ತದೆ. ಕೆ. ರಾಮಾನುಜಂ ಅವರ ಶಾಯಿ ಚಿತ್ರಗಳದು ಬೇರೆಯೇ ಲೋಕ: ಅರಮನೆ, ಹಾವು, ರೆಕ್ಕೆಯ ಪ್ರಾಣಿಗಳು, ನಡುವೆ ಟೋಪಿ ಹಾಕಿದ ಮನುಷ್ಯ. ಆ ಮನುಷ್ಯ ರಾಮಾನುಜಂ ಅವರೇ. 1973ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅಷ್ಟು ಒತ್ತೊತ್ತಾದ ಗೆರೆಗಳ ಮುಂದೆ ನಿಂತಾಗ ಸಂಕಟವಾಗುತ್ತದೆ.

ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಲೋಹವನ್ನು ಬೆಸೆದು ಮಾಡಿದ ಶಿಲ್ಪಗಳನ್ನು ನೋಡುವಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಇಲ್ಲಿ ಕುಶಲಕಲೆ ಬರೀ ಅನ್ನ ಹಾಕಿ ಸುಮ್ಮನಾಗಲಿಲ್ಲ, ಕಲೆಯೊಳಕ್ಕೇ ಬಂದು ಕೂತಿತು. ದೇವಸ್ಥಾನದ ಕವಚ, ಪ್ರಭಾವಳಿಗಳ ನೆನಪು ಆ ತಗಡಿನಲ್ಲಿದೆ. ನಮ್ಮ ಮೈಸೂರಿನವರಾದ ಎಸ್.ಜಿ. ವಾಸುದೇವ್ ಕೂಡ ಈ ಊರಿನ ಸ್ಥಾಪಕರಲ್ಲಿ ಒಬ್ಬರು; ಬೆಂಗಳೂರಿಗೆ ಬರುವ ಮುಂಚೆ ಇಲ್ಲೇ ಮನೆ ಮಾಡಿಕೊಂಡಿದ್ದರು. ತಾಮ್ರದ ತಗಡಿನಲ್ಲಿ ಅವರು ಎಬ್ಬಿಸಿದ ಉಬ್ಬುಚಿತ್ರಗಳನ್ನು ಬಲ್ಲವರಿಗೆ ಚೋಳಮಂಡಲದ ಗಾಳಿ ಅಲ್ಲಿ ಬೀಸಿದ್ದು ಗೊತ್ತಾಗುತ್ತದೆ. ಕುಸುರಿ ಕೆಲಸವನ್ನು ‘ಅದು ಕಲೆಯಲ್ಲ’ ಎಂದು ಪಕ್ಕಕ್ಕಿಡುವವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು.

ಹೊರಗೆ ಮರಗಳ ನೆರಳಿನಲ್ಲಿ ಕಲ್ಲಿನ ಮತ್ತು ಲೋಹದ ಶಿಲ್ಪಗಳು. ಹೊರಗಿನ ಕಲಾವಿದರು ಬಾಡಿಗೆಗೆ ಪಡೆದು ಪ್ರದರ್ಶನ ನಡೆಸುವ ಗ್ಯಾಲರಿಗಳೂ ಇವೆ. ಊರಿನವರ ಕೃತಿಗಳನ್ನು ಇಲ್ಲೇ ಕೊಳ್ಳಬಹುದು. ಆಚೆ ಕಲಾವಿದರ ಮನೆಗಳಿವೆ. ಅವರು ಬಾಳುವ ಜಾಗವಾದ್ದರಿಂದ ಕರೆಯದೆ ಗೇಟು ತಳ್ಳಿ ಒಳಗೆ ಹೋಗುವುದು ಸರಿಯಲ್ಲ. ಸ್ಥಾಪಕರಲ್ಲಿ ಹಲವರು ಈಗಿಲ್ಲ: ಪಣಿಕ್ಕರ್ 1977ರಲ್ಲಿ ಹೋದರು, ನಂದಗೋಪಾಲ್ 2017ರಲ್ಲಿ. ನೆಲದ ಬೆಲೆ ಗಗನಕ್ಕೇರಿದ ಈ ರಸ್ತೆಯಲ್ಲಿ ಕಲಾವಿದರೇ ನಡೆಸುವ ಊರೊಂದು ಇನ್ನೂ ಉಳಿದಿರುವುದು ಸಣ್ಣ ಮಾತಲ್ಲ.

ಮಹಾಬಲಿಪುರಕ್ಕೆ ಹೋಗುವವರು ಇಲ್ಲಿಗೆ ಅರ್ಧ ದಿನವನ್ನಾದರೂ ಎತ್ತಿಡಿ. ಬೆಳಗ್ಗೆಯೇ ಬಂದರೆ ಬಿಸಿಲೇರುವುದರೊಳಗೆ ಹೊರಗಿನ ಶಿಲ್ಪಗಳನ್ನು ನೋಡಿ ಮುಗಿಸಬಹುದು. ಆಮೇಲೆ ಒಳಗೆ ಪಣಿಕ್ಕರ್ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.