ನನ್ನ ಮೀನಿನವರು ಮತ್ತು ಅವರ ಕಬ್ಬಿಣದವರು

2025ರ ಚೌತಿ ರಾತ್ರಿ. ಆರತಿ ಮುಗಿಸಿ, ನಾಲ್ಕು ನೇವರಿ ಜಾಸ್ತಿಯೇ ತಿಂದು ಮಲಗಿದ್ದೆ. ಮಧ್ಯರಾತ್ರಿ ದಾಟಿದ ಮೇಲೆ ಅಕ್ಕನ ಮಗ ಅಲುಗಾಡಿಸಿ ಎಬ್ಬಿಸಿದ. "ಮಾಮಾ, ನಿನ್ನ ಮೀನಿನವರು ಎರಡು ಗೋಲ್ ಹೊಡೆದ್ರು ಮಾಮಾ."

ಅವನು ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವ. ನಾನು ಇಂಗ್ಲೆಂಡಿನ ಚಿಕ್ಕ ಫುಟ್‌ಬಾಲ್ ತಂಡ ಗ್ರಿಮ್ಸ್‌ಬಿ ಟೌನ್ ಕಡೆಯವ. ನಮ್ಮ ಕಾರವಾರದ ಕೋಡಿಬಾಗದಲ್ಲಿ ಬೇರೆ ಯಾರಿಗೂ ಈ ರೋಗ ಇದ್ದಂತಿಲ್ಲ. ಕೊನೆಗೆ ಪಂದ್ಯ 2-2 ಆಗಿ, ಪೆನಾಲ್ಟಿ ಹೊಡೆದೂ ಹೊಡೆದೂ 12-11ಕ್ಕೆ ನಮ್ಮವರು ಗೆದ್ದರು. ಯುನೈಟೆಡ್‌ನ ಕೊನೆಯ ಒದೆತ ಅಡ್ಡಪಟ್ಟಿಗೆ ಬಡಿದಾಗ ನಾನು ಕೂಗಿದ ಕೂಗಿಗೆ ಆಯಿ ಎದ್ದು ಬಂದು, ಗಣಪತಿ ಕೂತ ಮನೆಯಲ್ಲಿ ಇದೆಂಥ ಗಲಾಟೆ ಎಂದು ಇಬ್ಬರಿಗೂ ಬೈದಳು.

ಈ ರೋಗ ಹತ್ತಿದ್ದು ಹಡಗಿನ ಕೆಲಸದಲ್ಲಿದ್ದಾಗ. 2014ರ ಚಳಿಗಾಲದಲ್ಲಿ ನಮ್ಮ ಹಡಗು ಇಮಿಂಗ್‌ಹ್ಯಾಮ್ ಬಂದರಲ್ಲಿ ನಿಂತಿತ್ತು. ಪಕ್ಕದಲ್ಲೇ ಗ್ರಿಮ್ಸ್‌ಬಿ. ಮೀನಿನ ಊರು ಎಂದಕೂಡಲೇ ನಮ್ಮೂರ ಮೀನುಗಾರಿಕೆ ಬಂದರು ಬೈತಖೋಲದ ನೆನಪಾಗಿ ಹೊರಟೆ. ತಮಾಷೆ ಎಂದರೆ ಗ್ರಿಮ್ಸ್‌ಬಿ ತಂಡದ ಮೈದಾನ ಬ್ಲಂಡೆಲ್ ಪಾರ್ಕ್ ಇರುವುದು ಗ್ರಿಮ್ಸ್‌ಬಿಯಲ್ಲಲ್ಲ, ಪಕ್ಕದ ಕ್ಲೀತಾರ್ಪ್ಸ್‌ನಲ್ಲಿ. ನಿಮಗೆ ಸ್ವಂತ ಅಂಗಳವೇ ಇಲ್ಲ ಎಂದು ವಿರೋಧಿಗಳು ಆಡಿಕೊಳ್ಳುತ್ತಾರೆ. ಎತ್ತರದ ಸ್ಟ್ಯಾಂಡಿನಲ್ಲಿ ಕೂತರೆ ಹಂಬರ್ ನದಿಯ ಅಳಿವೆಯಲ್ಲಿ ಹಡಗು ಹೋಗುವುದು ಕಾಣುತ್ತದೆ. ನಾನು ಆಟಕ್ಕಿಂತ ಹಡಗನ್ನೇ ಹೆಚ್ಚು ನೋಡಿದೆ. ಎದುರಾಳಿ ಯಾರಿದ್ದರೋ ಮರೆತೇಹೋಗಿದೆ. ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಮಾತ್ರ ಮರೆತಿಲ್ಲ. ಹ್ಯಾಡಕ್ ಅದು, ಹೆಸರು ಹ್ಯಾರಿ. 1989ರ ಎಫ್‌ಎ ಕಪ್ ಹೊತ್ತಿಗೇ ಇವರು ಅದನ್ನು ಸಾವಿರಗಟ್ಟಲೆ ಹೊತ್ತು ತಿರುಗಿದವರು.

ಪಕ್ಕ ಕೂತಿದ್ದ ಅಜ್ಜನಿಗೆ, ನಿಮ್ಮ ಜಗಳ ಯಾವ ಊರಿನ ತಂಡದ ಜತೆ ಎಂದು ಕೇಳಿದೆ. ಲಿಂಕನ್ ಎಂದ. ಹಲ್ ಎಂದ. ಆಮೇಲೆ ಪಶ್ಚಿಮದ ಕಡೆ ಹೆಬ್ಬೆರಳು ತೋರಿಸಿ ಸುಮ್ಮನಾದ. ಆ ಕಡೆ ಇದ್ದದ್ದು ಸ್ಕನ್‌ಥಾರ್ಪ್, ಉಕ್ಕಿನ ಕಾರ್ಖಾನೆಯ ಊರು. ತಂಡದ ಅಡ್ಡಹೆಸರೇ 'ಐರನ್'. ಕ್ರಿಕೆಟ್‌ನ ಇಯಾನ್ ಬಾಥಮ್ ಆಡಿದ ಫುಟ್‌ಬಾಲ್ ತಂಡ ಅದೇ. ಅವರು ಗ್ರಿಮ್ಸ್‌ಬಿಯವರನ್ನು 'ಕಾಡ್ ಮೀನಿನ ತಲೆಯವರು' ಎಂದು ಕರೆಯುತ್ತಾರೆ. ಕಾರವಾರದವನಿಗೆ ಇದು ಬೈಗುಳ ಅಂತಲೇ ಅನ್ನಿಸಲಿಲ್ಲ. ಮೀನಿನ ತಲೆಯ ಸಾರಿನ ರುಚಿ ಅವರಿಗೇನು ಗೊತ್ತು!

ಹಲ್‌ನ ಕತೆ ಬೇರೆ. ಅದು ಹಂಬರ್‌ನ ಆಚೆ ದಡ, ಅದೂ ಟ್ರಾಲರ್‌ಗಳ ಊರೇ. ಐಸ್‌ಲ್ಯಾಂಡ್ ಸಮುದ್ರದಲ್ಲಿ ತನ್ನ ಮೀನುಗಾರಿಕೆಯ ಗಡಿಯನ್ನು 200 ಮೈಲಿಗೆ ಚಾಚಿ, ಬ್ರಿಟನ್ ಜತೆಗಿನ ಜಗಳವನ್ನು 1976ರಲ್ಲಿ ಗೆದ್ದಾಗ ಎರಡೂ ದಡದವರ ಹೊಟ್ಟೆಗೆ ಪೆಟ್ಟು ಬಿತ್ತು. ಅದಕ್ಕೂ ಮೊದಲೇ, 1974ರಲ್ಲಿ, ಸರ್ಕಾರ ಎರಡೂ ದಡ ಸೇರಿಸಿ ಹಂಬರ್‌ಸೈಡ್ ಎಂಬ ಕೌಂಟಿ ಮಾಡಿತ್ತು. 1981ರಲ್ಲಿ ಸೇತುವೆಯೂ ಆಯಿತು. ಆದರೂ ಜನ ಒಂದಾಗಲಿಲ್ಲ, 1996ರಲ್ಲಿ ಆ ಕೌಂಟಿಯನ್ನೇ ತೆಗೆದುಹಾಕಿದರು. ನಮ್ಮಲ್ಲೂ ಕಾಳಿ ನದಿಗೆ ಸೇತುವೆ ಇದೆ. ಆದರೂ ಸದಾಶಿವಗಡದ ಹುಡುಗರು ಮಾಲಾದೇವಿ ಮೈದಾನಕ್ಕೆ ಆಡಲು ಬಂದರೆ ನಮ್ಮವರ ಬಾಯಲ್ಲಿ ಅವರು ಇವತ್ತಿಗೂ 'ಹೊಳೆ ಆಚೆಯವರು'. ನಾನೂ ಹಾಗೇ ಕೂಗಿದವನು. ನನ್ನ ಹೆಂಡತಿಯ ತವರು ಅದೇ ಊರು, ಅದು ಬೇರೆ ಮಾತು.

ಚೌತಿಯ ಮರುದಿನ ಯುನೈಟೆಡ್ ಸೋತದ್ದೇ ಎಲ್ಲ ಕಡೆ ಸುದ್ದಿ. ನಾನು ಚಹಾ ಹಿಡಿದುಕೊಂಡು ಮೊದಲು ಹುಡುಕಿದ್ದು ಸ್ಕನ್‌ಥಾರ್ಪ್ ಎಲ್ಲಿದೆ ಎಂದು. 2022ರಲ್ಲಿ ಗ್ರಿಮ್ಸ್‌ಬಿ ನಾಲ್ಕನೇ ದರ್ಜೆಗೆ ಹತ್ತಿ ಬಂದ ವರ್ಷವೇ ಅವರು ಅಲ್ಲಿಂದ ಜಾರಿದ್ದರು, ಮುಂದಿನ ವರ್ಷ ಇನ್ನೂ ಕೆಳಗೆ. 2025ರಲ್ಲಿ ಒಂದು ಮೆಟ್ಟಿಲು ವಾಪಸ್ ಹತ್ತಿದ್ದರು. ಆ ಹೊತ್ತಿಗೆ ನಮಗಿಂತ ಒಂದೇ ಮೆಟ್ಟಿಲು ಕೆಳಗೆ.

"ಎಂಥ ನೋಡ್ತಿದ್ದೀ ಮಾಮಾ?" ಎಂದ ಅಳಿಯ. ಹೇಳಿದೆ. ಅವನಿಗೆ ಆ ಊರಿನ ಹೆಸರು ಕೇಳಿಯೂ ಗೊತ್ತಿರಲಿಲ್ಲ.